ಮಣ್ಣು ಒಪ್ಪಿಕೊಳ್ಳದ ವಸ್ತು

ಹೊಸ ಕಂಪ್ಯೂಟರ್ ತಗೋ ಎಂಬ ಸಲಹೆ ನನಗೆ ಬಂದದ್ದು ವೈರಾಗ್ಯದ ಮಾತಾಗಿ. ಹೇಳಿದವರು ಬಬಲೇಶ್ವರದ ನನ್ನ ಸೋದರಮಾವ. ಎಪ್ಪತ್ತು ದಾಟಿದವರು. ಶ್ರಾವಣದ ಪುರಾಣವಿರಲಿ, ಮಠದ ಶಿವಾನುಭವ ಗೋಷ್ಠಿಯಿರಲಿ, ಮುಂದಿನ ಸಾಲಿನಲ್ಲಿ ಕೂತು ಕೇಳಿದ ಜೀವ. "ಹಳೇ ಡಬ್ಬಿ ಮ್ಯಾಲ ಇಷ್ಟ್ಯಾಕ ಮೋಹ ಮಾಡ್ತೀಯವ್ವಾ? ಈ ದೇಹಾನ ಬಿಟ್ಟ ಹೋಗೂದೈತಿ. ಅದನ್ನ ತಗದ ಒಗದು ಒಂದ ಹೊಸಾದ ತಗೊಂಬಿಡು" ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಹಳೆಯದನ್ನು ಬಿಡಲಾರದ್ದು ಮೋಹವಾದರೆ ಹೊಸದಕ್ಕೆ ಕೈಚಾಚುವುದು ಯಾಕೆ ಮೋಹವಲ್ಲ? ಬಿಡುವುದು ಇಷ್ಟು ಸುಲಭವಾಗಿದ್ದರೆ ನಮ್ಮ ಶರಣರು, ಸಂತರು ಅದನ್ನೊಂದು ಸಾಧನೆ ಎಂದು ಯಾಕೆ ಕರೆದರು?

ನನ್ನದು ತಿಕೋಟಾದಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ದ್ರಾಕ್ಷಿ ಬೆಳೆಗಾರರ ಮನೂಕ ಡಬ್ಬಿಗೆ ಹಚ್ಚುವ ಚೀಟಿ, ಭಜನಾ ಮಂಡಳಿಗಳ ಪದಗಳ ಪುಸ್ತಕ, ಯಾರೋ ಹಿರಿಯರು ನೋಟಬುಕ್ಕಿನಲ್ಲಿ ಬರೆದಿಟ್ಟುಕೊಂಡ ಪ್ರವಚನ, ಇವನ್ನೆಲ್ಲ ಟೈಪ್ ಮಾಡಿಕೊಡುವುದು ನನ್ನ ಕಾಯಕ. ಯಂತ್ರ 2012ರದು. ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಬರುವಾಗ ಅದರಲ್ಲಿ ವಿಂಡೋಸ್ 7 ಇತ್ತು. 2020ರ ಜನವರಿಯಲ್ಲಿ ಅದಕ್ಕೆ ಕಂಪನಿಯ ಬೆಂಬಲ ನಿಂತ ಮೇಲೆ ವಿಂಡೋಸ್ 10 ಹಾಕಿಸಿದೆ. ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಕೇಳುತ್ತದೆ, ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರ್ ಕೇಳುತ್ತದೆ. ನನ್ನ ಯಂತ್ರದಲ್ಲಿ ಎರಡೂ ಇಲ್ಲ. ಹೀಗೆ ಕೈಕಾಲು ನೆಟ್ಟಗಿರುವಾಗಲೇ ಎಲ್ಲೋ ದೂರದಲ್ಲಿ ಕೂತವರು ಒಂದು ತಾರೀಖು ಬರೆದು ಇದನ್ನು ಮುದಿಯಾಯಿತೆಂದು ಹೇಳಿಬಿಟ್ಟರು.

ಇದರ ನಿಜವಾದ ಜಡ್ಡು ಬೇರೆ. ಬೇಸಿಗೆಯಲ್ಲಿ, ತೋಟದ ಮೋಟರುಗಳು ಒಮ್ಮೆಲೇ ಚಾಲೂ ಆಗಿ ವೋಲ್ಟೇಜ್ ಬಿದ್ದಾಗ, ಕೆಲಸದ ನಡುವೆ ಪಟಕ್ಕನೆ ಆರಿಬಿಡುತ್ತಿತ್ತು. ಮುಂಜಾನೆ ಹಚ್ಚಿದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತಿತ್ತು. ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು. ವಿಜಯಪುರಕ್ಕೆ ಹೊತ್ತು ಒಯ್ದು, ಗಾಂಧಿ ಚೌಕದ ಆಸುಪಾಸಿನಲ್ಲಿ ಬಹಳ ವರ್ಷಗಳಿಂದ ರಿಪೇರಿ ಮಾಡುವವರೊಬ್ಬರ ಮುಂದೆ ಇಟ್ಟೆ. ಮುಚ್ಚಳ ತೆಗೆದರೆ ನಮ್ಮ ಎರೆಮಣ್ಣಿನ ಸಣ್ಣ ಧೂಳು ಫ್ಯಾನಿನ ಸುತ್ತ ಕೆಸರಿನಂತೆ ಮೆತ್ತಿಕೊಂಡಿತ್ತು. ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲಿ ಕೆಪಾಸಿಟರುಗಳ ತಲೆ ಉಬ್ಬಿದ್ದವು. ವೇಳೆ ನೆನಪಿಡುವ ಸಣ್ಣ ಬಟನ್ ಬ್ಯಾಟರಿ ಸತ್ತಿತ್ತು. ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಅವರು ಬೋರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಜೀವ ಐತ್ರಿ ಇದಕ್ಕ. ಬೋರ್ಡ ಗಟ್ಟಿ ಐತಿ" ಎಂದರು. ಎಸ್‌ಎಂಪಿಎಸ್, ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ, ಬ್ಯಾಟರಿ, ಪೇಸ್ಟು, ಕೂಲಿ ಎಲ್ಲ ಸೇರಿ ಹೊಸ ಯಂತ್ರದ ಬೆಲೆಯ ಎಂಟನೆಯ ಒಂದು ಪಾಲೂ ಆಗುತ್ತಿರಲಿಲ್ಲ.

ರೊಕ್ಕದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಮಾವನ ಪ್ರಶ್ನೆ ಮುಗಿಯುವುದಿಲ್ಲ. ಅವರ ಮಾತಿನ ಹಿಂದೆ ನಿಂತಿದ್ದದ್ದು ಗೀತೆಯ ಎರಡನೇ ಅಧ್ಯಾಯದ ದೃಷ್ಟಾಂತ. ಜೀರ್ಣವಾದ ಬಟ್ಟೆ ಕಳಚಿ ಹೊಸದನ್ನು ಉಡುವ ಹಾಗೆ ಜೀವ ದೇಹ ಬದಲಿಸುತ್ತದೆ ಎಂಬುದು. ಸಾವಿನ ಮನೆಯಲ್ಲಿ ಎಷ್ಟು ಸಲ ಆ ಮಾತು ಕೇಳಿ ಸಮಾಧಾನಪಟ್ಟಿಲ್ಲ ನಾವು. ಆದರೆ ಆ ಕಳಚಿದ ಬಟ್ಟೆ ಮುಂದೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳುವ ಜರೂರು ಆ ಕಾಲಕ್ಕೆ ಇರಲಿಲ್ಲ. ನನ್ನ ಅವ್ವನ ಹಳೇ ಇಳಕಲ್ಲ ಸೀರೆ ಮೈಮೇಲಿಂದ ಇಳಿದ ಮೇಲೆ ಕೌದಿಯಾಗುತ್ತಿತ್ತು. ಕೌದಿ ಹರಿದರೆ ಕರುವಿನ ಕೆಳಗೆ ಹಾಸಾಗುತ್ತಿತ್ತು. ಅದೂ ಚಿಂದಿಯಾದರೆ ತಿಪ್ಪೆಗೆ ಬಿದ್ದು, ಮುಂಗಾರಿಗೆ ಮೊದಲು ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತಿತ್ತು. ಬಟ್ಟೆ ಕಳಚುವುದೆಂದರೆ ಅದನ್ನು ತೆಗೆದುಕೊಳ್ಳಲು ಕೆಳಗೊಂದು ಕೈ ಕಾದಿರುತ್ತಿತ್ತು. ಆ ದೃಷ್ಟಾಂತ ಹುಟ್ಟಿದ್ದು ಅಂಥ ಲೋಕದಲ್ಲಿ.

ನಮ್ಮ ಕಡೆಯ ಹಬ್ಬಗಳೂ ಅದೇ ಲೋಕದವು. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣಿನ ಎತ್ತುಗಳನ್ನು ಮಾಡಿ, ಅವುಗಳ ಮುಂದೆ ಗ್ವಾದಲಿ ಇಟ್ಟು ಪೂಜೆ ಮಾಡುತ್ತೇವೆ. ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡಿ ಗುಲಗಂಜಿ ಸಿಂಗಾರ ಮಾಡುತ್ತೇವೆ. ಭಾದ್ರಪದದಲ್ಲಿ ಜೋಕುಮಾರ ಹುಟ್ಟಿ, ಊರೆಲ್ಲ ತಿರುಗಿ, ಕೆಲವೇ ದಿನಗಳಲ್ಲಿ ಸಾಯುತ್ತಾನೆ. ಮಣ್ಣಿನಿಂದ ಮಾಡಿ, ದೇವರೆಂದು ನಂಬಿ, ಅಳುಕಿಲ್ಲದೆ ಮಣ್ಣಿಗೆ ಬಿಟ್ಟುಕೊಡುವ ಪಾಠವನ್ನು ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. ವೈರಾಗ್ಯ ಇಷ್ಟು ಸಹಜವಾಗಿ ಮೈಗೂಡಲು ಕಾರಣವೇ ಮಣ್ಣು. ನಾವು ಬಿಟ್ಟದ್ದನ್ನು ಅದು ಒಪ್ಪಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಬಿಡುವ ಧರ್ಮ ನಿಂತಿದೆ.

ನನ್ನ ಮೇಜಿನ ಮೇಲಿನ ಯಂತ್ರವನ್ನು ಮಣ್ಣು ಒಪ್ಪಿಕೊಳ್ಳುವುದಿಲ್ಲ. ಪ್ರತಿ ಮಹಾನವಮಿಗೆ ಖಂಡೆ ಪೂಜೆಯ ದಿನ ಅದಕ್ಕೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಊದಿನಕಡ್ಡಿ ಬೆಳಗಿದ್ದೇನೆ. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಹರಿಯುವ ನೀರಿಗೆ ಬಿಡಬೇಕು ಅಥವಾ ಅರಳಿಕಟ್ಟೆಯ ಮೇಲೆ ಇಡಬೇಕು ಎಂಬ ರೂಢಿ ನಮ್ಮಲ್ಲಿದೆ. ಪೂಜೆ ಕೊಂಡ ಈ ಉಪಕರಣವನ್ನು ಯಾವ ನೀರಿಗೆ ಬಿಡಲಿ? ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಅಟ್ಟದ ಮೇಲಿರುವ ನನ್ನ ಮೊದಲ ಗಾಜಿನ ಮಾನಿಟರಿನ ಕೊಳವೆಯಲ್ಲಂತೂ ಸೀಸ ಕಿಲೋಗಟ್ಟಲೆ ಲೆಕ್ಕದ್ದು. ಗುಜರಿಯವನು ಕಬ್ಬಿಣದ ತೂಕದಲ್ಲಿ ಒಯ್ಯುತ್ತಾನೆ, ನಿಜ. ಅಲ್ಲಿಂದ ಆಚೆ ಅದು ಕೈ ಬದಲಾಗುತ್ತ ದಿಲ್ಲಿಯ ಸೀಲಂಪುರದಂಥ, ಮುರಾದಾಬಾದಿನಂಥ ಊರು ಸೇರುತ್ತದೆ. ಅಲ್ಲಿ ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಚಿನ್ನದ ಎಳೆಗಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ಮುರಾದಾಬಾದಿನ ರಾಮಗಂಗಾ ನದಿಯ ದಂಡೆಯಲ್ಲಿ ಸುಟ್ಟ ಬೋರ್ಡುಗಳ ಕಪ್ಪು ಬೂದಿ ರಾಶಿ ಬಿದ್ದಿದ್ದನ್ನು ಪರಿಸರದವರು ದಾಖಲಿಸಿದ್ದಾರೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಮಾಡಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ದಾಖಲೆಗೆ ಸೇರಿದ್ದು ಶೇ. 22.3 ಮಾತ್ರ. ಇಂಥಲ್ಲಿ "ತಗದ ಒಗಿ" ಎಂದರೆ ನನ್ನ ಮೋಹವೇನೋ ಕಡಿಮೆಯಾದೀತು. ಆದರೆ ಅದರ ಹೊಗೆಯನ್ನು ಉಸಿರಾಡುವುದು ನಾನು ಎಂದೂ ಕಾಣದ ಯಾರದೋ ಮಗು. ಬೇರೆಯವರ ಎದೆಗೆ ದಾಟಿಸಿ ಪಡೆದ ನಿರ್ಮೋಹವನ್ನು ನಾನು ವೈರಾಗ್ಯ ಎನ್ನಲಾರೆ.

ಕೊಳ್ಳುವ ಕಡೆಯಿಂದ ನೋಡಿದರೂ ಹೀಗೆಯೇ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ತಜ್ಞರು 2004ರಲ್ಲಿ ಒಂದು ಲೆಕ್ಕ ಹೊರಗಿಟ್ಟರು. ಆ ಕಾಲದ ಒಂದು ಡೆಸ್ಕ್‌ಟಾಪನ್ನು ಅದರ 17 ಇಂಚಿನ ಗಾಜಿನ ಮಾನಿಟರ್ ಸಮೇತ ತಯಾರಿಸಲು ಸುಮಾರು 240 ಕಿಲೋ ಕಲ್ಲಿದ್ದಲು-ಎಣ್ಣೆಯಂಥ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಬೇಕಾಗುತ್ತಿತ್ತು. ಇವತ್ತಿನ ಯಂತ್ರಗಳ ಲೆಕ್ಕ ಬೇರೆ ಇರಬಹುದು. ಆದರೆ ತಿಕೋಟಾದ ಹೆಣ್ಣುಮಗಳಿಗೆ 1,500 ಲೀಟರ್ ನೀರು ಎಂದರೆ ಏನೆಂದು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಕೃಷ್ಣೆಯ ನೀರನ್ನು ಏತದಿಂದ ಎತ್ತಿ ಕೆರೆ ತುಂಬಿಸುವ ಮೊದಲಿನ ಬರಗಾಲಗಳಲ್ಲಿ ಟ್ಯಾಂಕರಿನ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರ ನಡುವೆ ನಾನು ಬೆಳೆದವಳು.

ವೈರಾಗ್ಯದ ಮಾತು ಬಂದಾಗ ನಮ್ಮ ತಾಲೂಕಿನವರು ನೆನೆಯುವುದು ಒಬ್ಬರನ್ನು. ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬದುಕಿದ ಸಿದ್ಧೇಶ್ವರ ಸ್ವಾಮೀಜಿ. ಅವರ ಅಂಗಿಗೆ ಕಿಸೆ ಇರಲಿಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟ ಪತ್ರದಲ್ಲಿ, ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಹಾಗೆಯೇ ನಡೆಯಿತು. ಆ ಪತ್ರವನ್ನು ನಾನು ಬಹಳ ದಿನ ನಶ್ವರತೆಯ ಪಾಠವೆಂದೇ ತಿಳಿದಿದ್ದೆ. ಈ ಯಂತ್ರದ ಯೋಚನೆಯಲ್ಲಿ ಬಿದ್ದ ಮೇಲೆ ಅದರಲ್ಲಿ ಇನ್ನೊಂದು ಕಂಡಿತು. ಹಿಂದೆ ಉಳಿದವರು ಹೊರಬೇಕಾದ ಭಾರವನ್ನು ಅವರು ಮೊದಲೇ ಇಳಿಸಿ ಹೋದರು. ಗೋಲಗುಮ್ಮಟದ ಊರಿನಲ್ಲಿ, ಬಾರಾ ಕಮಾನಿನ ಮುಗಿಯದ ಗೋರಿ ಇನ್ನೂ ಬಯಲಲ್ಲಿ ನಿಂತಿರುವ ಊರಿನಲ್ಲಿ, ಒಬ್ಬರು ತನಗೆ ಒಂದು ಕಲ್ಲೂ ಬೇಡವೆಂದರು. ತಾನು ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡ ತ್ಯಾಗ ಅದು. ಕಡಿಮೆ ತೆಗೆದುಕೊಂಡು, ತೆಗೆದುಕೊಂಡದ್ದನ್ನು ಕೊನೆಯತನಕ ಬಳಸಿ, ಬಿಡುವಾಗ ಗುಡಿಸಿ ಹೋಗುವ ಬಾಳು ಅದು. ಕಿಸೆಯಿಲ್ಲದ ಅಂಗಿ ಹರಿದರೆ ಹೊಲಿದುಕೊಳ್ಳಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಮಾವ ಇದನ್ನೆಲ್ಲ ಕೇಳಿ ಒಂದು ಒಳ್ಳೆಯ ಪಟ್ಟು ಹಾಕಿದರು. "ಅದರಾಗಿನ ಅಕ್ಷರ ಉಳದ್ರ ಆತಲ್ಲ, ಡಬ್ಬಿ ಯಾಕ ಬೇಕು? ಅಕ್ಷರ ಜೀವ, ಡಬ್ಬಿ ದೇಹ." ಈ ಮಾತಿಗೆ ಉತ್ತರ ಹುಡುಕುವಾಗಲೇ ನನಗೆ ನನ್ನ ಕಸುಬಿನ ಒಳಗು ತಿಳಿದದ್ದು.

ನನ್ನ ಹಳೆಯ ಕೆಲಸವೆಲ್ಲ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇದೆ. ನಮ್ಮ ಕಡೆಯ ಸಣ್ಣ ಅಂಗಡಿ, ಮುದ್ರಣಾಲಯಗಳ ಎಷ್ಟೋ ವರ್ಷದ ಕನ್ನಡ ಅದರಲ್ಲೇ ಇದೆ. ಅಡೋಬಿ ಕಂಪನಿ ಪೇಜ್‌ಮೇಕರಿಗೆ 2001ರ ಈ ಏಳನೆಯ ಆವೃತ್ತಿಯ ಆಚೆ ಇನ್ನೊಂದು ಆವೃತ್ತಿ ತರಲಿಲ್ಲ. ಹಳೆಯ ನುಡಿ ಅಕ್ಷರಗಳ ರೀತಿ ಹೀಗೆ: ಕನ್ನಡದ ತಲಕಟ್ಟು, ಕೊಂಬು, ಒತ್ತುಗಳ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟು ಇದ್ದರೆ ಅದು ಅಕ್ಕನ ವಚನ, ಇಲ್ಲದಿದ್ದರೆ ಅರ್ಥವಿಲ್ಲದ ಗೆರೆಗಳ ಸಂತೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಯಾವ ಯಂತ್ರದಲ್ಲೂ ಅದು ಕನ್ನಡವೇ. ಪರಿವರ್ತಕಗಳಿವೆ. ಆದರೆ ದಾಟಿಸುವಾಗ ಅರ್ಕಾವತ್ತು ಹಿಂದುಮುಂದಾಗುತ್ತದೆ, ಎರಡು ಒತ್ತು ಇದ್ದಲ್ಲಿ ಒಂದು ಉದುರುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ಹಾಡಿನ ಪುಸ್ತಕದಲ್ಲಿ ಒಂದು ದೀರ್ಘ ಹೋದರೆ ತಾಳವೇ ತಪ್ಪುತ್ತದೆ. ದಾಟಿದ್ದು ಸರಿಯೋ ಎಂದು ನೋಡಲು ಮೂಲದ ಪುಟ ಮೂಲದ ರೂಪದಲ್ಲೇ ಕಣ್ಣಮುಂದೆ ತೆರೆದಿರಬೇಕು. ಜೀವವನ್ನು ಹೊಸ ದೇಹಕ್ಕೆ ಕಳಿಸುವಾಗ ಹಳೆಯ ದೇಹವೇ ಸಾಕ್ಷಿಯಾಗಿ ನಿಲ್ಲಬೇಕಾಗಿದೆ ಇಲ್ಲಿ.

ಇದೇ ಮಾತನ್ನು ವಿಜಯಪುರ ನೂರು ವರ್ಷದ ಹಿಂದೆಯೇ ಕಂಡಿದೆ. ವಕೀಲಿಗೆಂದು ಈ ಊರಿಗೆ ಬಂದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ವಚನಗಳ ತಾಡೋಲೆ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ 'ಶಿವಾನುಭವ' ಪತ್ರಿಕೆ. ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿಕೊಂಡರು. ಓಲೆಯಿಂದ ಕಾಗದಕ್ಕೆ ಅಕ್ಷರ ದಾಟಿದ ಮೇಲೆ ಓಲೆಯ ಕೆಲಸ ಮುಗಿಯಿತೇ? ಮುಗಿಯಲಿಲ್ಲ. ಪಾಠ ಎಲ್ಲಿ ತೊಡಕಾದರೂ ಮತ್ತೆ ಓಲೆಯ ಹತ್ತಿರವೇ ಹೋಗಬೇಕು. ಇವತ್ತಿಗೂ ವಚನ ಓದುವ ವಿದ್ವಾಂಸರು ಹಾಗೆಯೇ ಮಾಡುತ್ತಾರೆ. ಹಳಕಟ್ಟಿಯವರು ಹುಟ್ಟಿದ ಜುಲೈ 2ನ್ನು ಸರ್ಕಾರ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ನನಗೆ ಆ ಸಂರಕ್ಷಣೆಯ ಮುಕ್ಕಾಲು ಪಾಲು ಹಳೆಯ ದೇಹವನ್ನು ಗೌರವಿಸುವುದರಲ್ಲೇ ಇದೆ ಅನಿಸುತ್ತದೆ. ಬಸವಣ್ಣನವರ ದಾರಿಯಲ್ಲಿ ದೇಹವೆಂಬುದು ಕಳಚಿ ಒಗೆಯುವ ಅರಿವೆಯಲ್ಲ, ಅದೇ ಗುಡಿ. ಸ್ಥಾವರಕ್ಕೆ ಅಳಿವುಂಟು ಎಂದು ತಿಳಿದವರೇ ದೇಹವನ್ನು ಹಾಗೆ ಕಂಡರು. ಅಳಿಯುತ್ತದೆ ಎಂಬುದು ಅಸಡ್ಡೆಗೆ ಕಾರಣವಾಗಲಿಲ್ಲ ಅವರಿಗೆ.

ದೇಹವನ್ನು ದುರಸ್ತಿ ಮಾಡುವ ಶಾಸ್ತ್ರವೂ ನಮ್ಮಲ್ಲಿ ಇದೆ. ಆಗಮಗಳ ಜೀರ್ಣೋದ್ಧಾರ ವಿಧಿಯಲ್ಲಿ, ಗುಡಿಯ ಕೆಲಸಕ್ಕೆ ಕೈಹಚ್ಚುವ ಮೊದಲು ಮೂರ್ತಿಯಲ್ಲಿರುವ ದೇವರ ಕಳೆಯನ್ನು ನೀರು ತುಂಬಿದ ಕುಂಭಕ್ಕೆ ಆವಾಹಿಸುತ್ತಾರೆ. ಕಲಾಕರ್ಷಣ ಎನ್ನುತ್ತಾರೆ ಅದಕ್ಕೆ. ದುರಸ್ತಿಯಾಗುವವರೆಗೆ ಪೂಜೆ ತಾತ್ಕಾಲಿಕ ಗುಡಿಯಲ್ಲಿ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಕಳೆಯನ್ನು ಮರಳಿ ಮೂರ್ತಿಗೆ ತರುತ್ತಾರೆ. ಗಾಂಧಿ ಚೌಕದ ಆ ರಿಪೇರಿಯವರು ಮುಚ್ಚಳ ತೆಗೆದ ಮೇಲೆ ಮಾಡಿದ ಮೊದಲ ಕೆಲಸ ನೋಡಿದಾಗ ಇದು ನೆನಪಾಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟು, ಟಕ್ ಟಕ್ ಎನ್ನುವ ಡಿಸ್ಕನ್ನು ಹುಷಾರಾಗಿ ಬಿಚ್ಚಿ, ಅದರಲ್ಲಿದ್ದುದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಇಳಿಸಿಕೊಂಡರು. ಅರ್ಧ ದಿನ ಹಿಡಿಯಿತು. "ಇದು ಮೊದ್ಲ ಆಗ್ಲಿ, ಉಳದದ್ದು ಆಮ್ಯಾಲ" ಎಂದರು. ಮುಟ್ಟುವ ಮೊದಲು ಒಳಗಿರುವುದಕ್ಕೆ ನೆಲೆ ಕಾಣಿಸಬೇಕೆಂಬ ಆ ಎಚ್ಚರವೇ ನನಗೆ ಭಕ್ತಿಯಾಗಿ ಕಂಡಿತು. ಉಬ್ಬಿದ ಕೆಪಾಸಿಟರನ್ನು ಕಣ್ಣಳತೆಯಲ್ಲೇ ಗುರುತಿಸುವ ಆ ಕೈಗೆ ಕೆಲಸ ಇಲ್ಲವಾದರೆ ಊರಿನಿಂದ ಒಂದು ವಿದ್ಯೆಯೇ ಹೋದಂತೆ. ಮೋಟರ್ ರಿವೈಂಡಿಂಗ್ ಮಾಡುವವರು ಇಲ್ಲದಿದ್ದರೆ ನಮ್ಮ ಬಾವಿಗಳ ಗತಿ ಏನಾಗುತ್ತಿತ್ತು ಎಂದು ನಮ್ಮ ರೈತರನ್ನು ಕೇಳಬೇಕು.

ಎಲ್ಲವನ್ನೂ ಎಂದೆಂದಿಗೂ ರಿಪೇರಿ ಮಾಡಿಸುತ್ತಿರಬೇಕು ಎಂದು ನಾನು ಹೇಳುತ್ತಿಲ್ಲ. ಬಿಡಿಭಾಗ ಬದಲಿಸುತ್ತ ಹೋದರೆ ಉಳಿದದ್ದು ಹಳೆಯ ಯಂತ್ರವೋ ಹೊಸದೋ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ರಥದ ನೆಪದಲ್ಲಿ ಕೇಳಿದ್ದ. ಅಚ್ಚು ರಥವೇ, ಗಾಲಿ ರಥವೇ ಎಂದು. ದೊಡ್ಡ ಪ್ರಶ್ನೆ ಅದು, ಆದರೆ ಅಂಗಡಿಯಲ್ಲಿ ಕೂತ ನನಗೆ ಅದು ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು, ರಿಪೇರಿಯಲ್ಲಿ ಯಾವಾಗ ಮೋಹ ಸೇರಿಕೊಳ್ಳುತ್ತದೆ ಎಂಬುದು. ಯಂತ್ರ ಕೆಲಸಕ್ಕಾಗಿ ಉಳಿದಿದೆಯೋ, ನನ್ನ ನೆನಪಿಗಾಗಿ ಉಳಿದಿದೆಯೋ ಎಂದು ನೋಡಿಕೊಳ್ಳಬೇಕು. ಇದೇ ಕೀಬೋರ್ಡಿನ ಮೇಲೆ ನನ್ನ ಮಗಳ ಲಗ್ನಪತ್ರಿಕೆ ಟೈಪ್ ಮಾಡಿದ್ದೇನೆ. ಅದು ಇಟ್ಟುಕೊಳ್ಳಲು ಕಾರಣವಲ್ಲ. ನೆನಪಿಗಾಗಿ ಉಳಿಯಬೇಕಾದ ವಸ್ತುಗಳು ಬೇರೆ. ವಿಜಯಪುರದ ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪು 1549ರಲ್ಲಿ ಎರಕವಾದದ್ದು, ಸುಮಾರು 55 ಟನ್ ಕಂಚು. 1854ರಲ್ಲಿ ಇಂಗ್ಲಿಷರು ಅದನ್ನೂ ಗುಜರಿ ಮಾಲಿನಂತೆ ಹರಾಜಿಗೆ ಇಟ್ಟಿದ್ದರು. 150 ರೂಪಾಯಿಗೆ ಬಂದ ಸವಾಲು ತೀರ ಕಡಿಮೆಯಾಯಿತೆಂದು ಮಾರಾಟ ರದ್ದಾಗಿ ತೋಪು ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು, ಅದು ಊರಿನ ಇತಿಹಾಸ. ನನ್ನ ಯಂತ್ರ ಇತಿಹಾಸವಲ್ಲ, ಅದಕ್ಕೆ ಬುರುಜು ಬೇಕಿಲ್ಲ. ಕೆಲಸವಿರುವ ತನಕ ಅದಕ್ಕೆ ಹಕ್ಕಿದೆ.

ಹಾಗಾಗಿ ರಿಪೇರಿ ಮಾಡಿಸಿದೆ. ಎಸ್‌ಎಂಪಿಎಸ್ ಬಂತು, ಎಸ್‌ಎಸ್‌ಡಿ ಬಂತು, ಬ್ಯಾಟರಿ ಬಂತು. ತಾರೀಖು ಈಗ ಇವತ್ತಿನದೇ ತೋರಿಸುತ್ತದೆ. ಬೆಂಬಲ ನಿಂತ ವಿಂಡೋಸ್ ಇರುವುದರಿಂದ ಇಂಟರ್ನೆಟ್ಟಿನ ತಂತಿ ಕಿತ್ತಿದ್ದೇನೆ. ಆನ್‌ಲೈನ್ ಅರ್ಜಿ, ಬ್ಯಾಂಕಿನ ಕೆಲಸವೆಲ್ಲ ಮಗ ಕಾಲೇಜು ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ. ಹಳೆಯ ಯಂತ್ರಕ್ಕೆ ಒಂದೇ ಕೆಲಸ: ನುಡಿಯ ಕಡತಗಳನ್ನು ಒಂದೊಂದಾಗಿ ತೆರೆಯುವುದು. ಪಕ್ಕದ ಲ್ಯಾಪ್‌ಟಾಪಿನಲ್ಲಿ ಯೂನಿಕೋಡಿಗೆ ದಾಟಿದ ಪುಟ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತೇನೆ. ಮೊದಲು ಭಜನೆಯ ಪದಗಳು, ಯಾಕೆಂದರೆ ಅವನ್ನು ಬರೆಸಿದ ಹಿರಿಯರು ಕೆಲವರು ಈಗಿಲ್ಲ, ಬೇರೆ ಪ್ರತಿಯೂ ಇಲ್ಲ. ಆಮೇಲೆ ಪ್ರವಚನಗಳು. ಲಗ್ನಪತ್ರಿಕೆಗಳನ್ನು ದಾಟಿಸುವುದಿಲ್ಲ. ಅವುಗಳ ಕೆಲಸ ಅಕ್ಷತೆಯ ದಿನವೇ ಮುಗಿದಿದೆ.

ಬಿಡುವ ಷರತ್ತನ್ನೂ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಮದರ್‌ಬೋರ್ಡ್ ಹೋದರೆ ಇನ್ನೊಂದು ಹುಡುಕುವುದಿಲ್ಲ. ಕೊನೆಯ ಕಡತ ದಾಟಿದ ಮೇಲೆ, ಯಂತ್ರ ಗಟ್ಟಿಯಾಗಿದ್ದರೂ ಇಟ್ಟುಕೊಳ್ಳುವುದಿಲ್ಲ. ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಗಾಂಧಿ ಚೌಕದ ಆ ಕೈಗೆ, ಇನ್ನೊಬ್ಬರ ಯಂತ್ರಕ್ಕಾಗಿ. ಉಳಿದ ಬೋರ್ಡು, ತಂತಿ ಮತ್ತು ಅಟ್ಟದ ಮೇಲಿನ ಗಾಜಿನ ಮಾನಿಟರ್ ಗುಜರಿಗೆ ಹೋಗುವುದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಮುಟ್ಟಬೇಕು. ಒಬ್ಬಳ ಒಂದು ಮಾನಿಟರಿಗಾಗಿ ಯಾರೂ ವಾಹನ ಕಳಿಸುವುದಿಲ್ಲವಾದ್ದರಿಂದ ತಿಕೋಟಾ, ಬಬಲೇಶ್ವರದ ಝೆರಾಕ್ಸ್, ಡಿಟಿಪಿ ಅಂಗಡಿಯವರನ್ನೆಲ್ಲ ಕೇಳುತ್ತಿದ್ದೇನೆ. ಎಲ್ಲರ ಅಟ್ಟದ ಮೇಲೂ ಒಂದೊಂದು ಇದೆ. ಕೂಡಿಸಿದರೆ ಒಂದು ಟೆಂಪೋ ತುಂಬುತ್ತದೆ. ಬಾಡಿಗೆ ಹಂಚಿಕೊಳ್ಳಲು ಈಗಾಗಲೇ ಕೆಲವರು ಒಪ್ಪಿದ್ದಾರೆ.